ಹಸಿರು ಚಹವೂ ದೇಹಸ್ಥೌಲ್ಯವೂ: ಒಂದು ನಂಬಿಕೆಯ ಚರಿತ್ರೆ

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ಮಾರ್ಗವೂ ಕಿಬ್ಬನಹಳ್ಳಿಯ ಬಳಿ ಒಂದನ್ನೊಂದು ಅಡ್ಡಹಾಯುತ್ತವೆ. ಆ ಸ್ಥಳಕ್ಕೆ ಜನರ ಬಾಯಲ್ಲಿ ಕೆ.ಬಿ. ಕ್ರಾಸ್ ಎಂದು ಹೆಸರು. ಸುತ್ತಲೂ ತೆಂಗಿನ ತೋಟಗಳು, ನಡುವೆ ಬಸ್ಸು ಲಾರಿಗಳ ಸಂದಣಿ, ಆ ಸಂದಣಿಯನ್ನು ನಂಬಿಕೊಂಡ ಟೀ ಅಂಗಡಿಗಳು. ಈ ಅಂಗಡಿಗಳಲ್ಲಿ ಹಾಲು ಸಕ್ಕರೆ ಬೆರೆತ ಟೀ ಬೆಳಗಿನ ಜಾವದಿಂದ ರಾತ್ರಿಯವರೆಗೂ ಕುದಿಯುತ್ತಿರುತ್ತದೆ. ಅದೇ ಸಾಲಿನ ದಿನಸಿ ಅಂಗಡಿಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ಈಚಿನ ವರ್ಷಗಳಲ್ಲಿ ಹಸಿರು ಚಹದ ಪೊಟ್ಟಣಗಳು ತಲೆದೋರಿವೆ. ಮೊದಲನೆಯದನ್ನು ಜನರು ಆಯಾಸ ಹೋಗಲೆಂದು ಕುಡಿಯುತ್ತಾರೆ. ಎರಡನೆಯದನ್ನು ಮೈ ಇಳಿಯಲೆಂದು ಕುಡಿಯುತ್ತಾರೆ. ಎರಡೂ ಒಂದೇ ಗಿಡದ ಎಲೆ. ಒಂದು ತಲೆಮಾರಿಗೆ ಬಲವನ್ನೂ ಮತ್ತೊಂದು ತಲೆಮಾರಿಗೆ ಕೃಶತೆಯನ್ನೂ ಕೊಡುವುದಾಗಿ ಈ ಎಲೆಯ ಹೆಸರಿನಲ್ಲಿ ಮಾತು ಕೊಟ್ಟವರು ಯಾರು, ಆ ಮಾತಿನಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಪರ್ಯಾಲೋಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೈದ್ಯರ ಕ್ಷೇತ್ರದಲ್ಲಿ ಚರಿತ್ರೆಯ ಅಧ್ಯಾಪಕನಿಗೆ ಏನು ಕೆಲಸವೆಂದು ಕೇಳುವವರುಂಟು. ದೇಹದೊಳಗೆ ಕೊಬ್ಬು ಕರಗುವ ಕ್ರಮವನ್ನು ವಿವರಿಸುವುದು ನಮ್ಮ ಕೆಲಸವಲ್ಲವೆಂಬುದು ನಿಜ. ಆದರೆ ಒಂದು ಹೇಳಿಕೆ ಯಾವಾಗ ಹುಟ್ಟಿತು, ಅದನ್ನು ಹೇಳಿದವನಿಗೆ ಅದರಿಂದ ಏನು ಪ್ರಯೋಜನವಿತ್ತು, ಸಾಕ್ಷಿಗಳು ಸ್ವತಂತ್ರರೇ ಅಲ್ಲವೇ ಎಂದು ಶೋಧಿಸುವುದು ನಮ್ಮ ಕಸುಬು. ಶಾಸನದ ಉತ್ಪ್ರೇಕ್ಷೆಯನ್ನು ಜರಡಿ ಹಿಡಿಯುವವನು ಪೊಟ್ಟಣದ ಮೇಲಿನ ಬರಹವನ್ನೂ ಜರಡಿ ಹಿಡಿಯಬಲ್ಲನು.

ಮೊದಲು ಹೆಸರಿನ ವಿಚಾರ. ಹಳೆಯ ಮೈಸೂರಿನ ಸೀಮೆಯವರು ಟೀ ಎನ್ನುತ್ತಾರೆ; ಧಾರವಾಡ, ಬಿಜಾಪುರದ ಕಡೆಯವರು ಚಹಾ ಎನ್ನುತ್ತಾರೆ. ಈ ಎರಡು ಮಾತುಗಳೂ ಚೀನದವೇ. ಚೀನದ ಬಹುಭಾಗದಲ್ಲಿ ಬಳಕೆಯಲ್ಲಿರುವ ‘ಚಾ’ ಎಂಬ ಶಬ್ದವು ನೆಲದ ದಾರಿಯಲ್ಲಿ ಪಾರಸಿಕರ ಮೂಲಕ ಉತ್ತರ ಹಿಂದೂಸ್ಥಾನಕ್ಕೆ ಬಂದಿತು. ಫ್ಯೂಕಿಯನ್ ಕರಾವಳಿಯ ‘ತೆ’ ಎಂಬ ಶಬ್ದವು ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗಿ, ಅಲ್ಲಿಂದ ಆಂಗ್ಲರ ನಾಲಗೆಯ ಮೇಲೆ ‘ಟೀ’ಯಾಗಿ ನಮ್ಮಲ್ಲಿಗೆ ಬಂದಿತು. ಇನ್ನು ಹಸಿರು, ಕಪ್ಪು ಎಂಬ ಭೇದವು ಗಿಡದ ಜಾತಿಯಿಂದ ಬಂದುದಲ್ಲ, ಎಲೆಯನ್ನು ಹದಮಾಡುವ ಕ್ರಮದಿಂದ ಬಂದುದು. ಕೊಯ್ದ ಎಲೆಯನ್ನು ಕೂಡಲೇ ಹಬೆಯಲ್ಲಿ ಬಾಡಿಸಿದರೆ ಅಥವಾ ಬಾಣಲೆಯಲ್ಲಿ ಹುರಿದರೆ ಹಸಿರು ಉಳಿಯುತ್ತದೆ. ಹೊಸಕಿ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಕಪ್ಪಾಗುವಾಗ ಎಲೆಯ ಕ್ಯಾಟೆಚಿನ್ ಎಂಬ ಒಗರು ದ್ರವ್ಯಗಳ ಬಹುಭಾಗ ಬೇರೆ ರೂಪ ತಾಳುತ್ತದೆ. ಹಸಿರು ಚಹದ ಪರವಾಗಿ ಈಗ ಹೇಳುವುದೆಲ್ಲ ಈ ಕ್ಯಾಟೆಚಿನ್‌ಗಳನ್ನೂ, ಎರಡು ಬಗೆಯ ಚಹದಲ್ಲಿಯೂ ಇರುವ ಕೆಫೀನನ್ನೂ ಅವಲಂಬಿಸಿದೆ. ಎರಡೂ ಒಂದೇ ಗಿಡದವೆಂಬ ಸಂಗತಿ ಆಂಗ್ಲರಿಗೆ ಖಚಿತವಾದದ್ದು 19ನೆಯ ಶತಮಾನದ ನಡುಗಾಲದಲ್ಲಿ, ರಾಬರ್ಟ್ ಫಾರ್ಚೂನ್ ಎಂಬ ಸಸ್ಯಶಾಸ್ತ್ರಜ್ಞನು ಚೀನದ ಒಳನಾಡನ್ನು ಹೊಕ್ಕು ನೋಡಿದ ಮೇಲೆ. ಪಾಶ್ಚಾತ್ಯರಿಗೆ ಮಾರುವ ಎಲೆ ಮತ್ತಷ್ಟು ಹಸಿರಾಗಿ ಕಾಣಲೆಂದು ವರ್ತಕರು ಅದಕ್ಕೆ ನೀಲಿ ಬಣ್ಣವನ್ನೂ ಜಿಪ್ಸಮ್ಮನ್ನೂ ಬೆರೆಸುತ್ತಿದ್ದುದನ್ನು ಅವನು ಕಣ್ಣಾರೆ ಕಂಡನು. ಕೊಳ್ಳುವವನ ಕಣ್ಣಿಗೆ ತಕ್ಕಂತೆ ಎಲೆಯನ್ನು ಸಿಂಗರಿಸುವ ವಿದ್ಯೆ ಹೊಸದೇನಲ್ಲ.

ಚಹವು ಮೈಯನ್ನು ಇಳಿಸುತ್ತದೆಂಬ ಮಾತು ಈ ಕಾಲದ ಜಾಹೀರಾತುಗಾರರು ಹುಟ್ಟಿಸಿದ್ದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಹುದು. ಹಾಗಲ್ಲ. ತಾಂಗ್ ವಂಶದ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 739ರಲ್ಲಿ, ಚೆನ್ ತ್ಸಾಂಗ್‌ಚಿ ಎಂಬ ವೈದ್ಯನು ರಚಿಸಿದ ಮೂಲಿಕಾಗ್ರಂಥದಲ್ಲಿಯೇ ಚಹವನ್ನು ಬಹುಕಾಲ ಸೇವಿಸಿದವರು ತೆಳ್ಳಗಾಗುವರೆಂದೂ ಮೇದಸ್ಸು ತಗ್ಗುವುದೆಂದೂ ನಿದ್ರೆ ಕಡಿಮೆಯಾಗುವುದೆಂದೂ ಹೇಳಿದೆ. ಅಂದರೆ ಈ ಹೇಳಿಕೆಗೆ ಸುಮಾರು 1,300 ವರ್ಷಗಳ ವಯಸ್ಸು. ನಿದ್ರೆಯ ವಿಷಯದಲ್ಲಿ ಆ ವೈದ್ಯನ ಮಾತು ಸಂಪೂರ್ಣ ನಿಜವೆಂದು ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರುವ ಯಾವ ವಿದ್ಯಾರ್ಥಿಯೂ ಹೇಳಬಲ್ಲನು.

ಯೂರೋಪಿನಲ್ಲಿ ಈ ಮಾತು ವೈದ್ಯನ ಬಾಯಿಂದ ವರ್ತಕನ ಬಾಯಿಗೆ ಬಂದಿತು. ಸುಮಾರು 1660ರಲ್ಲಿ ಲಂಡನ್ನಿನ ಕಾಫಿ ಅಂಗಡಿಯ ಥಾಮಸ್ ಗಾರ್ವೆ ಎಂಬವನು ಚಹದ ಗುಣಗಳನ್ನು ಕುರಿತು ಒಂದು ಕರಪತ್ರವನ್ನು ಅಚ್ಚುಹಾಕಿಸಿದನು. ತಲೆನೋವು, ಜ್ವರ, ನೆನಪಿನ ಶಕ್ತಿ ಮೊದಲಾಗಿ ಅದರಲ್ಲಿ ಇಲ್ಲದ ಗುಣವೇ ಇಲ್ಲ. ಚಹವು ಹಸಿವನ್ನು ಹೆಚ್ಚಿಸಿ ಜೀರ್ಣಶಕ್ತಿಯನ್ನು ಕೊಡುತ್ತದೆ, ಸ್ಥೂಲಕಾಯರಿಗೂ ಮಾಂಸವನ್ನು ಬಹಳವಾಗಿ ತಿನ್ನುವವರಿಗೂ ಅದು ವಿಶೇಷವಾಗಿ ಹಿತ ಎಂಬ ಎರಡು ಮಾತುಗಳನ್ನು ಆತನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಹಸಿವು ಹೆಚ್ಚಿದರೆ ಸ್ಥೂಲನಿಗೆ ಹಿತವಾಗುವುದು ಹೇಗೆಂಬ ಸಂದೇಹ ಅವನಿಗೆ ಬಂದಂತಿಲ್ಲ. ಚಹವನ್ನು ಮಾರುತ್ತಿದ್ದವನೇ ಇಲ್ಲಿ ಸಾಕ್ಷಿಯೂ ಆಗಿದ್ದಾನೆಂಬುದನ್ನು ಓದುಗರು ಗುರುತಿಟ್ಟುಕೊಳ್ಳಬೇಕು. 1863ರಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಇಂಗ್ಲಿಷ್ ಗೃಹಸ್ಥನು ತಾನು ತೂಕ ಇಳಿಸಿಕೊಂಡ ಬಗೆಯನ್ನು ಒಂದು ಕಿರುಹೊತ್ತಗೆಯಲ್ಲಿ ಪ್ರಕಟಿಸಿದನು. ಅವನ ಪಥ್ಯದಲ್ಲಿಯೂ ಚಹವುಂಟು. ಆದರೆ ಅವನು ಅದನ್ನು ಹಾಲು ಸಕ್ಕರೆಗಳಿಲ್ಲದೆ ಕುಡಿಯುತ್ತಿದ್ದನು. ತೂಕ ಇಳಿದದ್ದಕ್ಕೆ ಕಾರಣವೆಂದು ಅವನು ಎಣಿಸಿದ್ದು ಸಕ್ಕರೆ, ರೊಟ್ಟಿ, ಆಲೂಗಡ್ಡೆ, ಬಿಯರುಗಳನ್ನು ಬಿಟ್ಟದ್ದನ್ನೇ ಹೊರತು ಚಹವನ್ನಲ್ಲ.

ನಮ್ಮ ದೇಶದ ಪ್ರಾಚೀನರು ಚಹವನ್ನು ಅರಿಯರು. 16ನೆಯ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿ ಪಾನಕಗಳ ಪ್ರಸ್ತಾಪವುಂಟು, ಚಹದ ಸುಳಿವಿಲ್ಲ. ಆದರೆ ಸ್ಥೌಲ್ಯವನ್ನು ಅವರು ಬಲ್ಲರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ದೇಹಗಳನ್ನು ಹೇಳುವಾಗ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಸ್ತಾರವಾಗಿ ವರ್ಣಿಸಿದೆ. ಇಬ್ಬರಲ್ಲಿ ಕೃಶನೇ ಮೇಲು, ಸ್ಥೂಲನ ಚಿಕಿತ್ಸೆ ಕಷ್ಟಸಾಧ್ಯ ಎಂದು ತೀರ್ಮಾನಿಸಿದೆ. ಅಲ್ಲಿ ಸ್ಥೂಲನಿಗೆ ವಿಧಿಸಿರುವ ಆಹಾರವು ತೆಂಗಿನ ಸೀಮೆಯವರಿಗೆ ಕುತೂಹಲವನ್ನು ಉಂಟುಮಾಡತಕ್ಕದ್ದು. ಪ್ರಿಯಂಗು ಎಂದರೆ ನವಣೆ, ಶ್ಯಾಮಾಕವೆಂದರೆ ಸಾಮೆಯ ವರ್ಗದ ಧಾನ್ಯ, ಕೋದ್ರವವೆಂದರೆ ಹಾರಕ, ಕುಲತ್ಥವೆಂದರೆ ಹುರುಳಿ. ಇವುಗಳೊಡನೆ ಜವೆಗೋಧಿ, ಹೆಸರು. ಊಟದ ಮೇಲೆ ಕುಡಿಯಲು ಜೇನು ಬೆರೆಸಿದ ನೀರು. ಜಾಗರಣೆ, ವ್ಯಾಯಾಮ, ಚಿಂತನೆಗಳನ್ನೂ ಹೇಳಿದೆ. ಚಿಂತನೆಯಿಂದ ಮೈ ಇಳಿಯುವುದಾದರೆ ಅಧ್ಯಾಪಕವರ್ಗದಲ್ಲಿ ಸ್ಥೂಲರು ಇರಕೂಡದಾಗಿತ್ತು. ಆ ವಿಚಾರ ಬೇರೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಪಾನೀಯವು ಪಥ್ಯದ ಕೊನೆಯ ಅಂಗವಾಗಿ ಬಂದಿದೆ. ಧಾನ್ಯವನ್ನು ಬದಲಾಯಿಸಿ ಮೈ ದಂಡಿಸಿದವನಿಗೆ ಮಾತ್ರ ಜೇನುನೀರು. ಸಾಮೆ, ಹಾರಕ, ಹುರುಳಿಗಳು ತಿಪಟೂರು ಚಿಕ್ಕನಾಯಕನಹಳ್ಳಿಗಳ ಹೊಲಗಳಲ್ಲಿ ಬಡವರ ಬೆಳೆಗಳಾಗಿದ್ದವು. ಚರಕನು ಸ್ಥೂಲನಿಗೆ ಔಷಧವಾಗಿ ಹೇಳಿದ್ದನ್ನು ನಮ್ಮ ಒಕ್ಕಲು ಮಕ್ಕಳು ಬೇರೆ ಗತಿಯಿಲ್ಲದೆ ದಿನವೂ ಉಣ್ಣುತ್ತಿದ್ದರು.

ಈ ಸೀಮೆಯಲ್ಲಿ ಹಿಂದೆ ಜನರನ್ನು ಹೆದರಿಸಿದ್ದು ಕೊಬ್ಬಲ್ಲ, ಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರವಿತ್ತು. 1876–78ರ ಮಹಾಕ್ಷಾಮದ ತರುವಾಯ 1881ರಲ್ಲಿ ಎಣಿಸಿದಾಗ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಇಂಥ ನೆನಪನ್ನು ಹೊತ್ತ ಸಮಾಜದಲ್ಲಿ ಮೈ ತುಂಬಿಕೊಂಡಿರುವುದು ಭಾಗ್ಯದ ಲಕ್ಷಣ. ಇದಕ್ಕೆ ನಮ್ಮ ಆಡುಮಾತೇ ಸಾಕ್ಷಿ. ಬಹುದಿನದ ಮೇಲೆ ಕಂಡ ನೆಂಟನನ್ನು ಹಿರಿಯರು ‘ಏನಪ್ಪ, ಹೀಗೆ ಇಳಿದುಹೋಗಿದ್ದೀಯ, ಮೈ ಸರಿಯಾಗಿಲ್ಲವೆ’ ಎಂದು ಮರುಕದಿಂದ ವಿಚಾರಿಸುತ್ತಿದ್ದರು. ಅದೇ ‘ಇಳಿದಿದ್ದೀರಿ’ ಎಂಬ ಮಾತು ಈಗ ಕಛೇರಿಗಳಲ್ಲಿಯೂ ಮದುವೆಯ ಮನೆಗಳಲ್ಲಿಯೂ ಅಭಿನಂದನೆಯಾಗಿದೆ. ಕೇಳಿದವರು ಸಂತೋಷದಿಂದ ನಗುತ್ತಾರೆ. ಹಿಂದೆ ‘ಕೊಬ್ಬು ಇಳಿಸುತ್ತೇನೆ’ ಎಂಬುದು ಸೊಕ್ಕಿದವನಿಗೆ ಹಾಕುವ ಬೆದರಿಕೆಯಾಗಿತ್ತು. ಈಗ ಅದು ಪೊಟ್ಟಣದ ಮೇಲೆ ಅಚ್ಚಾಗುವ ಆಶ್ವಾಸನೆ. ಬಾಣಂತಿಗೂ ಬೆಳೆಯುವ ಮಕ್ಕಳಿಗೂ ಕೊಬ್ಬರಿ ಬೆಲ್ಲ ಕೊಡುವ ಮನೆತನಗಳಲ್ಲಿಯೇ ಕೊಬ್ಬರಿಯನ್ನು ಸಂಶಯದಿಂದ ನೋಡುವವರು ಹುಟ್ಟಿಕೊಂಡಿದ್ದಾರೆ. ಒಂದು ಪದದ ಧ್ವನಿ ಹೀಗೆ ತಿರುಗಿದಾಗ ಅದರ ಹಿಂದೆ ಸಮಾಜದಲ್ಲಿ ಏನೋ ತಿರುಗಿದೆಯೆಂದು ಚರಿತ್ರಕಾರನು ತಿಳಿಯಬೇಕು.

ಹೀಗಿದ್ದ ನಾಡಿಗೆ ಟೀ ಬಂದಾಗ ಅದು ಯಾವ ಗುಣವನ್ನು ಹೇಳಿಕೊಂಡು ಬಂದಿತು? ಇದು ನಮ್ಮ ವಿಚಾರದ ಕೇಂದ್ರ. ಬೆಂಗಳೂರಿನಿಂದ ಗುಬ್ಬಿಯವರೆಗೆ 1884ರಲ್ಲಿಯೂ, ತಿಪಟೂರನ್ನು ಹಾದು ಹರಿಹರದವರೆಗೆ 1889ರಲ್ಲಿಯೂ ರೈಲುಮಾರ್ಗ ತೆರೆಯಿತು. ಕೊಬ್ಬರಿಯನ್ನು ಹೊರನಾಡಿಗೆ ಒಯ್ದ ಈ ಮಾರ್ಗವೇ ಹೊರಗಿನ ಪದಾರ್ಥಗಳನ್ನೂ ತಂದಿತು. ಅದಕ್ಕೆ ಮುಂಚೆ ಮನೆಗೆ ಬಂದವರಿಗೆ ಬೆಲ್ಲ ನೀರು, ಮಜ್ಜಿಗೆ. ಹೊಲಕ್ಕೆ ಹೋಗುವವರಿಗೆ ರಾಗಿಯ ಅಂಬಲಿ. ಬೇಸಗೆಯಲ್ಲಿ ಎಳನೀರು, ಪಾನಕ. ಚಿಕ್ಕಮಗಳೂರನ್ನು ಒಳಗೊಂಡು ಕೊಡಗಿನ ನೆರೆಯಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ ಕಾಫಿಯು ಅನುಕೂಲಸ್ಥರ ಮನೆಗಳನ್ನು ಮೊದಲು ಪ್ರವೇಶಿಸಿತು. ಟೀ ಹಿಂದಿನಿಂದ ಬಂದು ರಸ್ತೆಯನ್ನೂ ರೈಲುನಿಲ್ದಾಣವನ್ನೂ ಸಂತೆಯನ್ನೂ ಹಿಡಿಯಿತು.

ಅದು ತಾನಾಗಿ ಬರಲಿಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರವು ಚಹ ತೋಟದ ಒಡೆಯರ ಕೋರಿಕೆಯ ಮೇರೆಗೆಯೇ ರಫ್ತಾಗುವ ಚಹದ ಮೇಲೆ ಒಂದು ಸುಂಕವನ್ನು ವಿಧಿಸಿತು. ಅದರಿಂದ ಬಂದ ಹಣವನ್ನು ಚಹದ ಪ್ರಚಾರಕ್ಕೆ ಮೀಸಲಿಟ್ಟಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊರದೇಶಗಳ ಬೇಡಿಕೆ ಕುಸಿದಾಗ ಈ ಪ್ರಚಾರವು ಭಾರತದ ಒಳಗಡೆಗೆ ಬಿರುಸಿನಿಂದ ತಿರುಗಿತು. 1937ರಲ್ಲಿ ಪ್ರಚಾರಸಂಸ್ಥೆಗೆ ಭಾರತೀಯ ಚಹ ಮಾರುಕಟ್ಟೆ ವಿಸ್ತರಣ ಮಂಡಳಿಯೆಂದು ನಾಮಕರಣವಾಯಿತು. ರೈಲುನಿಲ್ದಾಣಗಳಲ್ಲಿ ಎನಾಮಲ್ ಫಲಕಗಳನ್ನು ಹೊಡೆದರು. ದೇಶಭಾಷೆಗಳಲ್ಲಿ ಚಹ ಮಾಡುವ ಕ್ರಮವನ್ನು ಚಿತ್ರಗಳ ಸಹಿತ ಮುದ್ರಿಸಿದರು. ಜಾತ್ರೆ, ಸಂತೆ, ಕಾರ್ಖಾನೆಗಳಲ್ಲಿ ಪುಕ್ಕಟೆಯಾಗಿ ಕುಡಿಸಿದರು. ಕಾಸಿಗೆ ಒಂದರಂತೆ ಸಣ್ಣ ಪೊಟ್ಟಣಗಳನ್ನು ಮಾರಿದರು. ಸ್ವಾತಂತ್ರ್ಯ ಬಂದ 1947ರಲ್ಲಿ ಚರಕದ ಬಳಿ ಕುಳಿತ ಹೆಂಗಸಿನ ಚಿತ್ರದೊಡನೆ ಚಹವನ್ನು ಸಂಪೂರ್ಣ ಸ್ವದೇಶಿಯೆಂದು ಸಾರುವ ಭಿತ್ತಿಪತ್ರವನ್ನು ಅನ್ನದಾ ಮುನ್ಷಿ ಎಂಬ ಬಂಗಾಳಿ ಚಿತ್ರಕಾರರು ರಚಿಸಿದರು. ಈ ಪ್ರಚಾರದಲ್ಲೆಲ್ಲ ಹೇಳಿದ ಗುಣಗಳು ಆಯಾಸ ಪರಿಹಾರ, ಉತ್ಸಾಹ, ದುಡಿಯುವ ಶಕ್ತಿ, ಆರೋಗ್ಯ. ತೆಳ್ಳಗಾಗುವ ಮಾತನ್ನು ಅಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಮಾರಾಟಕ್ಕೆ ಅದರಿಂದ ದೊಡ್ಡ ಹೊಡೆತವೇ ಬೀಳುತ್ತಿತ್ತು. ಅರೆಹೊಟ್ಟೆ ಉಣ್ಣುವವನಿಗೆ ಮೈ ಇಳಿಸುವ ಪಾನೀಯವನ್ನು ಯಾರು ಮಾರಿಯಾರು?

ವಿರೋಧವೂ ಇತ್ತು. ಬಂಗಾಳದಲ್ಲಿ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರು ಚಹಪಾನವನ್ನು ಕಟುವಾಗಿ ಖಂಡಿಸಿದರು. ಗಾಂಧೀಜಿಯವರು 1942ರ ತರುವಾಯ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಚಹ, ಕಾಫಿ, ಕೋಕೋ ಮೂರೂ ದೇಹಕ್ಕೆ ಅನಾವಶ್ಯಕವೆಂದರು. ಚಹದಿಂದ ಆದ ಉಪಕಾರವೆಂದರೆ ಜನರು ನೀರನ್ನು ಕುದಿಸಿ ಕುಡಿಯುವಂತಾದದ್ದು ಎಂಬ ಅಭಿಪ್ರಾಯವೂ ಅಲ್ಲಿದೆ. ನಮ್ಮ ಹಳ್ಳಿಗಳ ಹಿರಿಯರದು ಇನ್ನೂ ಸರಳವಾದ ಆಕ್ಷೇಪಣೆ: ಟೀ ಕುಡಿದರೆ ಹಸಿವು ಸಾಯುತ್ತದೆ. ಊಟದ ಹೊತ್ತಿಗೆ ಟೀ ಕೇಳಿದ ಮಕ್ಕಳನ್ನು ಈ ಮಾತು ಹೇಳಿಯೇ ಗದರಿಸುತ್ತಿದ್ದರು. ಅಂದು ದೋಷವೆಂದು ಹೇಳಿದ ಈ ಗುಣವೇ ಇಂದು ಹಸಿರು ಚಹದ ಶಿಫಾರಸ್ಸಾಗಿದೆ. ಎಲೆ ಬದಲಾಗಿಲ್ಲ; ಹಸಿವು ಎಂಬುದು ಕಾಪಾಡಿಕೊಳ್ಳತಕ್ಕ ವಸ್ತುವಾಗಿದ್ದದ್ದು ಅಡಗಿಸತಕ್ಕ ವಸ್ತುವಾಯಿತು.

1930ರಲ್ಲಿ ಅಸ್ಸಾಮಿನ ಅಮ್ಗುರಿಯಲ್ಲಿ ಮೆಕರ್ಚರ್ ಎಂಬವನು ಎಲೆಯನ್ನು ಹಿಸುಕಿ, ಹರಿದು, ಸುರುಳಿಗಟ್ಟುವ ಯಂತ್ರವನ್ನು ಬಳಕೆಗೆ ತಂದನು. ಸಿ.ಟಿ.ಸಿ. ಎಂದು ಹೆಸರಾದ ಈ ಹರಳು ಟೀ ಸ್ವಾತಂತ್ರ್ಯಾನಂತರ ದೇಶವನ್ನೆಲ್ಲ ವ್ಯಾಪಿಸಿತು. ಸ್ವಲ್ಪ ಪುಡಿಯಲ್ಲಿ ಬಹಳ ಲೋಟಗಳಾಗುತ್ತಿದ್ದುದರಿಂದ ಅದು ಅಗ್ಗ. ಬಹಳ ಕಡುವಾದುದರಿಂದ ಹಾಲು ಸಕ್ಕರೆಗಳನ್ನು ಧಾರಾಳವಾಗಿ ಬಯಸುತ್ತದೆ. ಕೂಲಿಯವನಿಗೆ ಈ ಸಕ್ಕರೆಯೇ ಒಂದು ಬಗೆಯ ಆಹಾರವಾಯಿತು. ಟೀ ಬಲ ಕೊಡುತ್ತದೆಂದು ಅವನು ನಂಬಿದ್ದರೆ ಆ ನಂಬಿಕೆಯ ಬಹುಭಾಗಕ್ಕೆ ಲೋಟದೊಳಗಿನ ಸಕ್ಕರೆಯೇ ಆಧಾರ. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಇನ್ನು ಈಚಿನ ಕಾಲದ ಪ್ರಯೋಗಗಳಿಗೆ ಬರೋಣ. 1999ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡುಲ್ಲೂ ಮತ್ತು ಸಹೋದ್ಯೋಗಿಗಳು ಹತ್ತು ಮಂದಿ ಆರೋಗ್ಯವಂತ ಗಂಡಸರಿಗೆ ಹಸಿರು ಚಹದ ಸಾರವನ್ನು ಕೊಟ್ಟು, ಅವರನ್ನು ಒಂದು ಕೋಣೆಯಲ್ಲಿರಿಸಿ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ದೇಹವು ವ್ಯಯಿಸುವ ಶಕ್ತಿಯನ್ನು ಅಳೆದರು. ವ್ಯಯವು ಶೇಕಡಾ 4ರಷ್ಟು, ಎಂದರೆ ದಿನಕ್ಕೆ ಸುಮಾರು 80 ಕ್ಯಾಲೊರಿಗಳಷ್ಟು ಹೆಚ್ಚಿತು. ಹಸಿರು ಚಹವು ಕೊಬ್ಬನ್ನು ‘ಸುಡುತ್ತದೆ’ ಎಂಬ ಈಗಿನ ಮಾತಿಗೆ ಬೆಂಬಲ ಕೊಟ್ಟ ಮುಖ್ಯ ಪ್ರಯೋಗಗಳಲ್ಲಿ ಇದು ಒಂದು. ಪ್ರಯೋಗವು ಪ್ರಾಮಾಣಿಕವಾದದ್ದೇ. ಆದರೆ ಅಲ್ಲಿ ಅಳೆದದ್ದು ಒಂದು ದಿನದ ಶಕ್ತಿವ್ಯಯವನ್ನು, ಇಳಿದ ತೂಕವನ್ನಲ್ಲ. ಕೊಟ್ಟದ್ದು ಸಾರದ ಗುಳಿಗೆಯನ್ನು, ಲೋಟದ ಚಹವನ್ನಲ್ಲ. 80 ಕ್ಯಾಲೊರಿಯೆಂದರೆ ಎಷ್ಟು? ತಿಪಟೂರಿನ ಉಂಡೆ ಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ. ಅಂಥ ಕೊಬ್ಬರಿಯ 12 ಗ್ರಾಂ ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ಲೆಕ್ಕ ಸರಿಹೋಯಿತು.

ಜಪಾನಿನಲ್ಲಿ ಕಾವೋ ಎಂಬ ವ್ಯಾಪಾರಸಂಸ್ಥೆಯು 2003ರಲ್ಲಿ ಒಂದು ಸೀಸೆಗೆ 540 ಮಿಲಿಗ್ರಾಂ ಕ್ಯಾಟೆಚಿನ್ ಸೇರಿಸಿದ ಹೆಲ್ತಿಯಾ ಎಂಬ ಚಹವನ್ನು ಮಾರಾಟಕ್ಕೆ ತಂದಿತು. 2005ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ ದಿನಕ್ಕೆ 690 ಮಿಲಿಗ್ರಾಂ ಕ್ಯಾಟೆಚಿನ್ ಇದ್ದ ಚಹವನ್ನು ಹನ್ನೆರಡು ವಾರ ಕುಡಿದ ಗಂಡಸರು ಸರಾಸರಿ 2.4 ಕಿಲೋಗ್ರಾಂ ಇಳಿದರು. ಆದರೆ ಅತ್ಯಲ್ಪ ಕ್ಯಾಟೆಚಿನ್ ಇದ್ದ ಚಹವನ್ನು ಕುಡಿದವರೂ 1.3 ಕಿಲೋಗ್ರಾಂ ಇಳಿದಿದ್ದರು. ಉಳಿದ ವ್ಯತ್ಯಾಸವು ಮೂರು ತಿಂಗಳಿಗೆ ಸುಮಾರು ಒಂದು ಕಿಲೋಗ್ರಾಂ. ಗಾರ್ವೆಯ ಕರಪತ್ರವನ್ನು ಓದಿದ ಕಣ್ಣಿನಿಂದ ಇದನ್ನೂ ಓದಬೇಕು. 2006ರಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾ, ನೆಸ್ಲೆ ಸಂಸ್ಥೆಗಳು ಜೊತೆಗೂಡಿ ಎನ್ವಿಗಾ ಎಂಬ ಹಸಿರು ಚಹದ ಪಾನೀಯವನ್ನು ಕ್ಯಾಲೊರಿಗಳನ್ನು ಸುಡುವುದೆಂದು ಸಾರಿ ಮಾರಿದವು. ಅಲ್ಲಿಯ ಸಂಸ್ಥಾನಗಳ ಸರ್ಕಾರಗಳು ಆಕ್ಷೇಪಿಸಲಾಗಿ 2009ರಲ್ಲಿ 6,50,000 ಡಾಲರುಗಳನ್ನು ತೆತ್ತು ಒಪ್ಪಂದ ಮಾಡಿಕೊಂಡವು.

ಸ್ವತಂತ್ರವಾದ ತೂಗುವಿಕೆಯೆಂದರೆ 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ. ಕನಿಷ್ಠ ಹನ್ನೆರಡು ವಾರ ನಡೆದ 18 ಪ್ರಯೋಗಗಳು, ಅವುಗಳಲ್ಲಿ ಭಾಗವಹಿಸಿದ 1,945 ಸ್ಥೂಲಕಾಯರು ಅದರ ಪರಿಶೀಲನೆಗೆ ಒಳಗಾದರು. ಜಪಾನಿನ ಹೊರಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಹಸಿರು ಚಹ ಕುಡಿದವರಿಗೂ ಕುಡಿಯದವರಿಗೂ ಇದ್ದ ಅಂತರ ಸರಾಸರಿ 0.04 ಕಿಲೋಗ್ರಾಂ, ಎಂದರೆ 40 ಗ್ರಾಂ; ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದು ಇಲ್ಲವೆಂಬುದಕ್ಕೆ ಸಮಾನ. ಜಪಾನಿನ ಪ್ರಯೋಗಗಳಲ್ಲಿ ಅಂತರವು 0.2ರಿಂದ 3.5 ಕಿಲೋಗ್ರಾಂವರೆಗೆ ಹರಡಿಕೊಂಡಿದ್ದು ಅವನ್ನು ಕೂಡಿಸಲು ಬಾರದಾಯಿತು. ಒಟ್ಟಿನ ಮೇಲೆ, ಇಳಿತವು ಅತ್ಯಲ್ಪ, ವೈದ್ಯಕೀಯವಾಗಿ ಗಣನೀಯವಲ್ಲ, ಇಳಿದ ತೂಕವನ್ನು ಹಾಗೆಯೇ ಉಳಿಸಿಕೊಳ್ಳಲೂ ಹಸಿರು ಚಹ ನೆರವಾಗುವುದಿಲ್ಲ ಎಂಬುದು ಸಮೀಕ್ಷಕರ ನಿರ್ಣಯ. ಚೆನ್ ತ್ಸಾಂಗ್‌ಚಿಯ ಮಾತಿಗೆ ಈ ಕಾಲದ ತಕ್ಕಡಿ ಕೊಟ್ಟ ಉತ್ತರವಿದು. ಈ ಉತ್ತರವು ನನಗೆ ಸಮರ್ಪಕವಾಗಿ ತೋರುತ್ತದೆ.

ಇಂಥದೇ ಮತ್ತೊಂದು ಪ್ರಸಂಗ ಕನ್ನಡನಾಡಿನಲ್ಲಿಯೇ ನಡೆದಿದೆ. ಅದು ಇಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದು ವಿಷಾದದ ಸಂಗತಿ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರಗಳ ಕಾಡಿನಲ್ಲಿ ಉಪ್ಪಾಗೆ ಎಂಬ ಮರವುಂಟು; ಮುರುಗಲಿನ ದಾಯಾದಿ. ಅದರ ಹಣ್ಣಿನ ಸಿಪ್ಪೆಯನ್ನು ಹುಳಿಗೆ ಬಳಸುತ್ತಾರೆ. ಬೀಜದಿಂದ ತೆಗೆದ ಜಿಡ್ಡನ್ನು ತುಪ್ಪದಂತೆ ಅಡುಗೆಗೆ ಉಪಯೋಗಿಸುತ್ತಾರೆ. 1965ರಲ್ಲಿ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು ಈ ಸಿಪ್ಪೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಸ್ಥಾಪಿಸಿದರು. ಶರೀರದಲ್ಲಿ ಕೊಬ್ಬು ಉತ್ಪನ್ನವಾಗುವ ಕ್ರಿಯೆಯ ಒಂದು ಹಂತವನ್ನು ಈ ಆಮ್ಲವು ತಡೆಯುತ್ತದೆಂದು ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ತಿಳಿದುಬಂದಿತು. ಅಷ್ಟೇ ಸಾಕಾಯಿತು. 1990ರ ದಶಕದಲ್ಲಿ ಗಾರ್ಸೀನಿಯದ ಗುಳಿಗೆಗಳಿಗೆ ವಿದೇಶಗಳಲ್ಲಿ ಬೇಡಿಕೆ ಎದ್ದು ಉಪ್ಪಾಗೆಯ ಬೆಲೆ ಏರಿತು. ಕಾಡಿನಲ್ಲಿ ಕಾಯಿ ಮಾಗುವ ಮುನ್ನವೇ ಕೀಳುವ ಪೈಪೋಟಿ ನಡೆಯಿತು, ಕೊಂಬೆಗಳನ್ನು ಕಡಿದರು, ಮಳೆಗಾಲದಲ್ಲಿ ಸಿಪ್ಪೆಯನ್ನು ಒಣಗಿಸಲು ಸೌದೆಯನ್ನು ರಾಶಿರಾಶಿಯಾಗಿ ಸುಟ್ಟರು. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪ್ರಯೋಗ ಪ್ರಕಟವಾಯಿತು. 135 ಜನರನ್ನು ಎರಡು ಪಂಗಡ ಮಾಡಿ ಹನ್ನೆರಡು ವಾರ ಪರೀಕ್ಷಿಸಿದಾಗ ಗಾರ್ಸೀನಿಯ ತೆಗೆದುಕೊಂಡವರಿಗೂ ಹುಸಿಗುಳಿಗೆ ತೆಗೆದುಕೊಂಡವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೀಜದ ತುಪ್ಪವನ್ನು ಉಣ್ಣುವ ಮಲೆನಾಡಿನವರು ಅದೇ ಹಣ್ಣಿನ ಸಿಪ್ಪೆಯನ್ನು ಪರದೇಶದವರ ಕೊಬ್ಬು ಕರಗಿಸಲೆಂದು ಕಳುಹಿಸಿಕೊಟ್ಟರು; ಕರಗಿದ್ದು ಕಾಡು.

ಹಸಿರು ಚಹಕ್ಕೂ ಉಪ್ಪಾಗೆಗೂ ಕಥೆಯ ನಡೆ ಒಂದೇ ಆಗಿದೆ. ಪ್ರಯೋಗಾಲಯದಲ್ಲಿ ಒಂದು ನಿಜವಾದ ಸಣ್ಣ ಸಂಗತಿ ತಿಳಿಯುತ್ತದೆ. ಮಾರುಕಟ್ಟೆಯು ಅದನ್ನು ದೊಡ್ಡದಾಗಿ ಹಿಡಿಯುತ್ತದೆ. ಮನುಷ್ಯರ ಮೇಲೆ ತಕ್ಕಷ್ಟು ಕಾಲ ಪರೀಕ್ಷಿಸುವ ಹೊತ್ತಿಗೆ ನಂಬಿಕೆ ಬೇರೂರಿರುತ್ತದೆ.

ಹಾಗಾದರೆ ಹಸಿರು ಚಹದಿಂದ ನಾನು ಇಳಿದೆನೆಂದು ಹೇಳುವವರೆಲ್ಲ ಸುಳ್ಳಾಡುತ್ತಾರೆಯೆ? ಖಂಡಿತವಾಗಿ ಇಲ್ಲ. ಅವರ ತೂಕ ಇಳಿದದ್ದು ನಿಜವಿರಬಹುದು. ಕಾರಣವನ್ನು ಆರೋಪಿಸುವಲ್ಲಿ ತೊಡಕಿದೆ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸರಿಹೋಯಿತೆಂಬ ಕಾಕತಾಳೀಯ ನ್ಯಾಯವನ್ನು ನಮ್ಮ ತಾರ್ಕಿಕರು ಇಂಥಲ್ಲಿಯೇ ಪ್ರಯೋಗಿಸುತ್ತಿದ್ದರು. ಲೆಕ್ಕ ಮಾಡಿ ನೋಡಬಹುದು. ಕೆ.ಬಿ. ಕ್ರಾಸಿನಲ್ಲಾಗಲಿ ತಿಪಟೂರಿನ ಮಂಡಿಯಲ್ಲಾಗಲಿ ದಿನಕ್ಕೆ ನಾಲ್ಕು ಲೋಟ ಟೀ ಕುಡಿಯುವವನೊಬ್ಬನಿರಲಿ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ 10 ಗ್ರಾಂ, 40 ಕ್ಯಾಲೊರಿ. ನಾಲ್ಕು ಲೋಟಕ್ಕೆ 160, ಹಾಲಿನದು ಬೇರೆ. ಇವನು ಟೀಯನ್ನು ಬಿಟ್ಟು ಸಕ್ಕರೆ ಹಾಲುಗಳಿಲ್ಲದ ಹಸಿರು ಚಹಕ್ಕೆ ತಿರುಗಿದರೆ ದಿನಕ್ಕೆ ಕನಿಷ್ಠ 160 ಕ್ಯಾಲೊರಿ ಉಳಿಯಿತು. ಸ್ವಿಟ್ಜರ್ಲೆಂಡಿನ ಕೋಣೆಯಲ್ಲಿ ಅಳೆದ ಲಾಭದ ಇಮ್ಮಡಿ. ಇದರಲ್ಲಿ ಹಸಿರೆಲೆಯ ಪಾಲು ಏನೂ ಇಲ್ಲ. ಬರಿಯ ಬಿಸಿನೀರನ್ನು ಕುಡಿದಿದ್ದರೂ, ಮಜ್ಜಿಗೆಯನ್ನು ನೀರಾಗಿ ಮಾಡಿ ಕುಡಿದಿದ್ದರೂ ಹೆಚ್ಚುಕಡಮೆ ಅಷ್ಟೇ ಆಗುತ್ತಿತ್ತು. ಅಂದು ಕೂಲಿಯವನಿಗೆ ಬಲ ಕೊಟ್ಟ ಕೀರ್ತಿ ಎಲೆಗೆ ಹೋಯಿತು, ಕೊಟ್ಟದ್ದು ಸಕ್ಕರೆ. ಇಂದು ತೂಕ ಇಳಿಸಿದ ಕೀರ್ತಿಯೂ ಎಲೆಗೇ ಹೋಗುತ್ತಿದೆ, ಇಳಿಸಿದ್ದು ಸಕ್ಕರೆಯನ್ನು ಬಿಟ್ಟದ್ದು. ಮೇಲಾಗಿ, ಹಸಿರು ಚಹವನ್ನು ಕೊಂಡವನು ಅದೇ ವಾರ ಬೆಳಗಿನ ನಡಿಗೆಯನ್ನೂ ಆರಂಭಿಸಿರುತ್ತಾನೆ, ರಾತ್ರಿಯ ಅನ್ನವನ್ನೂ ತಗ್ಗಿಸಿರುತ್ತಾನೆ. ದುಡ್ಡು ಕೊಟ್ಟು ತಂದ ವಸ್ತುವೇ ಅವನ ನೆನಪಿನಲ್ಲಿ ನಿಲ್ಲುತ್ತದೆ.

ಹಾಲು ಸಕ್ಕರೆಯಿಲ್ಲದ ಒಂದೆರಡು ಲೋಟ ಹಸಿರು ಚಹವನ್ನು ರುಚಿಗಾಗಿ ಕುಡಿಯುವವರೊಡನೆ ನಮಗೆ ಜಗಳವಿಲ್ಲ. ಸಾರವನ್ನು ಗುಳಿಗೆಯಾಗಿ ನುಂಗುವವರ ಸಂಗತಿ ಬೇರೆ: ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲಾಗಿ ಇ.ಜಿ.ಸಿ.ಜಿ. ಎಂಬ ಕ್ಯಾಟೆಚಿನ್ನನ್ನು ಗುಳಿಗೆಯ ರೂಪದಲ್ಲಿ ತೆಗೆದುಕೊಂಡವರಲ್ಲಿ ಪಿತ್ತಜನಕಾಂಗಕ್ಕೆ ಹಾನಿಯಾಗುವ ಸೂಚನೆಗಳುಂಟೆಂದು ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆಯು 2018ರಲ್ಲಿ ಎಚ್ಚರಿಸಿತು.

ನಾವು ಅಧ್ಯಾಪಕರು ಚಿಂತಿಸತಕ್ಕ ವಿಷಯ ಇನ್ನೊಂದಿದೆ. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 30ರಷ್ಟು ಮಂದಿಯ ತೂಕ ಹೆಚ್ಚು. ಅದಕ್ಕೆ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಇದು ಶೇಕಡಾ 23ರಷ್ಟಿತ್ತು. ತೂಕ ಹೆಚ್ಚುತ್ತಿದೆಯೆಂಬ ಭಯಕ್ಕೆ ಆಧಾರವುಂಟು. ಆದರೆ ಅದೇ 2019–20ರ ಸಮೀಕ್ಷೆಯಲ್ಲಿ ಶೇಕಡಾ 17ರಷ್ಟು ಹೆಂಗಸರ ತೂಕ ಇರಬೇಕಾದುದಕ್ಕಿಂತ ಕಡಿಮೆ, ಸುಮಾರು ಅರ್ಧದಷ್ಟು ಹೆಂಗಸರಲ್ಲಿ ರಕ್ತಹೀನತೆ. ಭಯವು ಸ್ಥೂಲರನ್ನೂ ಕೃಶರನ್ನೂ ವಿಂಗಡಿಸಿ ಹಿಡಿಯುವುದಿಲ್ಲ. ಬೆಳಗ್ಗೆ ಏಳರ ಬಸ್ಸಿಗೆ ಹಳ್ಳಿಯಿಂದ ಹೊರಡುವ ವಿದ್ಯಾರ್ಥಿನಿಯರಲ್ಲಿ, ತೆಳ್ಳಗಿದ್ದರೂ ದಪ್ಪಗಿದ್ದೇನೆಂದು ಎಣಿಸಿ, ರೊಟ್ಟಿಯನ್ನೋ ಉಪ್ಪಿಟ್ಟನ್ನೋ ಬಿಟ್ಟು ಹಸಿರು ಚಹವನ್ನು ಮಾತ್ರ ಕುಡಿದು ತರಗತಿಗೆ ಬರುವವರಿದ್ದಾರೆ. ಹನ್ನೊಂದು ಗಂಟೆಯ ಪಾಠದಲ್ಲಿ ಅವರ ಮುಖವನ್ನು ನೋಡಿದರೆ ತಿಳಿಯುತ್ತದೆ. ಚಹದ ಒಗರು ದ್ರವ್ಯಗಳು ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳದಂತೆ ತಡೆಯುತ್ತವೆ; ಹಸಿರಾದರೂ ಅಷ್ಟೆ, ಕಪ್ಪಾದರೂ ಅಷ್ಟೆ. ಆದುದರಿಂದಲೇ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮುಂಚಿನಿಂದ ಊಟವಾಗಿ ಒಂದು ಗಂಟೆ ಕಳೆಯುವವರೆಗೆ ಚಹ ಕಾಫಿಗಳನ್ನು ಕುಡಿಯಬಾರದೆಂದು ಹೇಳಿದೆ.